ಕಾದಂಬರಿಯ ಅತ್ತೆ, ನಮ್ಮ ಅತ್ತೆ

ನನ್ನನ್ನು ತವರಿಗೆ ಅಟ್ಟುವ ಮಾತು ನಮ್ಮ ಮನೆಯಲ್ಲಿ ಬಂದದ್ದು ಒಂದು ಕಾದಂಬರಿಯ ದೆಸೆಯಿಂದ. ಹೀಗೆಂದರೆ ಈಗಿನವರು ನಗುತ್ತಾರೆ. ಕದ್ದು ತಿಂದದ್ದಕ್ಕೆ, ಎದುರು ಮಾತಾಡಿದ್ದಕ್ಕೆ ಸೊಸೆಯರನ್ನು ಅಟ್ಟಿದ್ದು ಕೇಳಿದ್ದೇವೆ, ಪುಸ್ತಕ ಓದಿದ್ದಕ್ಕೆ ಯಾರಾದರೂ ಅಟ್ಟುತ್ತಾರೆಯೇ ಎನ್ನುತ್ತಾರೆ. ಓದಿದ್ದಕ್ಕಲ್ಲ, ಓದಿ ಅರ್ಥ ಹೇಳಿದ್ದಕ್ಕೆ. ಎರಡಕ್ಕೂ ವ್ಯತ್ಯಾಸವಿದೆ.

ಅಪ್ಪ ಚಳ್ಳಕೆರೆಯ ಒಂದು ಜವಳಿ ಅಂಗಡಿಯಲ್ಲಿ ಗುಮಾಸ್ತ. ನಮ್ಮದೂ ಮಗ್ಗದವರ ಮನೆತನವೇ, ಮನೆಮಾತು ತೆಲುಗು. ಅಪ್ಪನಿಗೆ ಚಿಕ್ಕಂದಿನಲ್ಲೇ ಒಂದು ಕಾಲು ಸೊಟ್ಟಗಾಗಿ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಳಿಗೆ ಇಳಿಯಲಾಗಲಿಲ್ಲ, ಅದಕ್ಕೆ ಅಕ್ಷರ ಕಲಿತ. ಗಂಡುಮಕ್ಕಳಿಲ್ಲದ್ದರಿಂದ ಕಲಿತದ್ದನ್ನೆಲ್ಲ ತಂದು ನನ್ನ ಮೇಲೆ ಸುರಿದ. ಅಂಗಡಿಗೆ ಸೀರೆ ನೇಯ್ದು ಕೊಡುತ್ತಿದ್ದ ಮೊಳಕಾಲ್ಮೂರಿನ ಮನೆಯೊಂದಕ್ಕೆ ನನ್ನನ್ನು ಕೊಟ್ಟಾಗ ಪೆಟ್ಟಿಗೆಯಲ್ಲಿ ಎರಡು ಸೀರೆಗಳ ನಡುವೆ ಒಂದು ಕಾದಂಬರಿಯನ್ನೂ ಇಟ್ಟು ಕಳಿಸಿದ. ಆಗಿನ್ನೂ ನಮ್ಮ ಕಡೆ ಕಾದಂಬರಿ ಅನ್ನುವ ಮಾತೇ ಹೊಸದು. ಹೊದಿಕೆ ಹರಿದಿತ್ತು, ಯಾವ ಊರಿನಲ್ಲಿ ಅಚ್ಚಾದದ್ದೋ ತಿಳಿಯುತ್ತಿರಲಿಲ್ಲ.

ಓದು ಬಂದ ಸೊಸೆ ಅಂದರೆ ಅತ್ತೆಗೆ ಮೊದಲ ದಿನದಿಂದಲೇ ಅನುಮಾನ. ಹಬ್ಬದ ದಿನ ಬಾಗಿಲ ಮೇಲೆ ಅರಿಶಿನದಲ್ಲಿ ಶ್ರೀಕಾರ ಬರೆದರೆ, ಪಕ್ಕದಲ್ಲಿ ಬಂದು ನಿಂತು, "ಏನು ಬರೆದೆ ಅದು?" ಎಂದು ಕೇಳಿದ್ದರು. ನಾನೂ ಕಡಿಮೆಯವಳಲ್ಲ. ಅವರು ಪ್ರೀತಿಯಿಂದ ಹೋಳಿಗೆ ಬಡಿಸಿದರೆ ನಿನ್ನೆಯದಿರಬಹುದೆಂದು ಮೂಸಿ ನೋಡುವವಳು. ಮನೆಯಲ್ಲಿ ಇದ್ದದ್ದು ನಾವು ನಾಲ್ಕೇ ಜನ: ಅತ್ತೆ, ಅವರ ಹಿರಿಯ ಮಗ ಅಂದರೆ ನಮ್ಮ ಭಾವ, ನನ್ನ ಯಜಮಾನರು, ನಾನು. ಭಾವನ ಹೆಂಡತಿ, ನನ್ನ ಓರಗಿತ್ತಿ, ರಾಂಪುರದವಳು. ಮೈ ಸರಿಯಿಲ್ಲದೆ ತವರಿಗೆ ಹೋಗಿದ್ದಾಳೆ ಎಂದು ನನಗೆ ಹೇಳಿದ್ದರು. ಏನು ಕಾಯಿಲೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಾನು ಕೇಳುವುದನ್ನು ಬಿಟ್ಟೆನೇ ಹೊರತು ಅನುಮಾನ ಬಿಡಲಿಲ್ಲ.

ಕಾದಂಬರಿ ಹೊರಗೆ ಬಂದದ್ದು ಶ್ರಾವಣ ಮುಗಿದ ಮೇಲೆ. ಶ್ರಾವಣವೆಲ್ಲ ಗುಡಿಯಲ್ಲಿ ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ತೆಲುಗಿನಲ್ಲಿ ಅರ್ಥ ಹೇಳುತ್ತಾರೆ. ಆ ಅರ್ಥ ಹೇಳುವವರಿಗೆ ನಮ್ಮೂರು ಒಂದು ಸಲಿಗೆ ಕೊಟ್ಟಿತ್ತು. ಕಥೆಯ ನಡುವೆ ಊರಿನವರನ್ನು ಚುಚ್ಚಬಹುದು. ದಾನದ ಪ್ರಸಂಗ ಬಂದರೆ ಆತ ಪುರಾಣದ ಜಿಪುಣನ ಬಾಯಲ್ಲಿ ಇಡುವ ಮಾತು ಥೇಟ್ ನಮ್ಮ ಬೀದಿಯ ಎಣ್ಣೆ ಅಂಗಡಿಯವನ ಮಾತೇ ಆಗಿರುತ್ತಿತ್ತು. ಅಂಗಡಿಯವನೂ ಮುಂದೆಯೇ ಕೂತು ನಗಬೇಕು, ಸಿಟ್ಟಾದರೆ ತಾನೇ ಒಪ್ಪಿಕೊಂಡಂತೆ. ಈ ಚುಚ್ಚು ಯಾರಿಗೆ ಬಿತ್ತು ಎಂದು ಗುರುತಿಸುವುದೇ ಕೇಳುವವರ ಕೆಲಸ. ಮನೆಗೆ ಬಂದು ಜನ ಪುರಾಣದ ಮಾತಾಡುತ್ತಿರಲಿಲ್ಲ, ಯಾರಿಗೆ ಬಿತ್ತು ಎಂಬುದನ್ನೇ ಆಡಿಕೊಳ್ಳುತ್ತಿದ್ದರು.

ಶ್ರಾವಣ ಮುಗಿದು ಮಧ್ಯಾಹ್ನಗಳು ಬರಿದಾದವು. ಒಂದು ದಿನ ಭಾವನೇ ಮಗ್ಗದ ಕುಳಿಯಿಂದ ತಲೆ ಎತ್ತದೆ, "ನಿನ್ ಪೆಟ್ಟಿಗೇಲಿ ಏನೋ ಪುಸ್ತಕ ಐತಂತಲ್ಲಮ್ಮ, ಓದು ಕೇಳೋಣ" ಎಂದರು. ಭಾವ ನನ್ನೊಡನೆ ಆಡಿದ ಮೊದಲ ಉದ್ದನೆಯ ಮಾತು ಅದು. ಅಂದಿನಿಂದ ಊಟವಾದ ಮೇಲೆ ಅಣ್ಣತಮ್ಮ ಇಬ್ಬರೂ ನೇಯುವರು, ಅತ್ತೆ ರಾಟೆ ತಿರುಗಿಸಿ ಲಾಳಿಯ ಕಂಡಿಕೆಗೆ ನೂಲು ಸುತ್ತುವರು, ನಾನು ಕಂಬಕ್ಕೆ ಒರಗಿ ಓದುವೆ. ಅತ್ತೆ ಸಂತೆಯಲ್ಲಿ, ಬೀಗರ ಮುಂದೆ ಕನ್ನಡವನ್ನೇ ಆಡುವವರು, ಆದರೆ ಅಚ್ಚಿನ ಕನ್ನಡ ಅವರಿಗೆ ಹತ್ತುತ್ತಿರಲಿಲ್ಲ. ಒಂದು ತುಂಡು ಓದಿ ಅದನ್ನು ತೆಲುಗಿನಲ್ಲಿ ಬಿಡಿಸಿ ಹೇಳಬೇಕಿತ್ತು. ಓದುವವಳೂ ನಾನೇ, ಅರ್ಥ ಹೇಳುವವಳೂ ನಾನೇ. ಎಡವಟ್ಟು ಅಲ್ಲೇ ಶುರುವಾದದ್ದು.

ಮೊದಮೊದಲು ಎಲ್ಲರಿಗೂ ರುಚಿಸಿತು. ಕಥೆ ಹೊಸ ಸೊಸೆಯೊಬ್ಬಳದು. ಆಕೆಯ ಗಂಡ ಒಳ್ಳೆಯವನೋ ದಡ್ಡನೋ ಎಂದು ನಮ್ಮ ಯಜಮಾನರಿಗೂ ಅತ್ತೆಗೂ ದಿನಾ ವಾದ. ಅತ್ತೆಯ ಪ್ರಶ್ನೆಗಳು ಮಾತ್ರ ಬೇರೆ ಬಗೆಯವು. ಸೊಸೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ತವರು ನೆನೆದು ಅತ್ತಳು ಎಂಬಲ್ಲಿ ಅವರು ನೂಲು ಸುತ್ತುವ ಕೈ ನಿಲ್ಲಿಸಿದರು.

"ಒಬ್ಬಳೇ ಇದ್ಲು ಅಂದೆ."

"ಹೂಂ ಅತ್ತೆ."

"ಬಾಯಿ ಬಿಟ್ಟು ಏನೂ ಅನ್ನಲಿಲ್ಲ ಅಂದೆ. ಮನಸಿನಾಗೆ ಅಂದುಕೊಂಡಿದ್ದು ಬರೆದೋನಿಗೆ ಯಾರು ಹೇಳಿದ್ರು?"

ಪುರಾಣದಲ್ಲಾದರೆ ಯಾವ ಋಷಿ ಯಾರಿಗೆ ಹೇಳಿದ ಎಂಬುದು ಮೊದಲೇ ಬಂದುಬಿಡುತ್ತದೆ, ಋಷಿಗೆ ದಿವ್ಯದೃಷ್ಟಿಯೂ ಇರುತ್ತದೆ. ಈ ಪುಸ್ತಕದಲ್ಲಿ ಹೇಳುವವನ ಪತ್ತೆಯೇ ಇಲ್ಲ. ಯಾವ ಊರು, ಯಾವ ಕುಲ, ಯಾರ ಬಾಯಿಂದ ಯಾರ ಕಿವಿಗೆ ಬಂತು, ಒಂದೂ ಇಲ್ಲ. ಆಮೇಲೆ ನಾನು ಎಷ್ಟೋ ಕಾದಂಬರಿ, ಸಣ್ಣ ಕಥೆಗಳನ್ನು ಓದಿದೆ, ಅವುಗಳ ವಸ್ತುವೇನು, ಪಾತ್ರ ಹೇಗೆ ಎಂದು ದೊಡ್ಡವರು ಬರೆದ ವಿಮರ್ಶೆಗಳನ್ನೂ ಓದಿದೆ. ಅತ್ತೆಯ ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗಲು ನನಗೆ ಇವತ್ತಿಗೂ ಆಗಿಲ್ಲ. ಇವನಿಗೆ ಹೇಗೆ ಗೊತ್ತು ಎಂದು ಕೇಳಿಕೊಂಡೇ ಪುಟ ತಿರುಗಿಸುತ್ತೇನೆ. ಅತ್ತೆಗೆ ಆಗ ಸಿಕ್ಕ ಉತ್ತರ ಸರಳವಾಗಿತ್ತು: ಹೇಳುವವರು ಬೇರೆ ಯಾರೂ ಕಾಣದಿದ್ದರೆ, ಎದುರಿಗೆ ಕೂತು ಹೇಳುತ್ತಿರುವ ಸೊಸೆಯೇ ಹೇಳುತ್ತಿದ್ದಾಳೆ.

ಹೀಗಿರುವಾಗ ಉಪ್ಪಿನ ಅಧ್ಯಾಯ ಬಂತು.

ಕಾದಂಬರಿಯ ಅತ್ತೆ ಸೊಸೆ ಮಾಡಿಟ್ಟ ಸಾರಿಗೆ, ಆಕೆ ನೀರಿಗೆ ಹೋದ ಹೊತ್ತು ನೋಡಿ, ಒಂದು ಹಿಡಿ ಉಪ್ಪು ಸುರಿಯುತ್ತಾಳೆ. ಮಗ ಬಾಯಿಗಿಟ್ಟವನೇ ತಟ್ಟೆ ಒದ್ದು ಏಳುತ್ತಾನೆ. ಅತ್ತೆ ಗೋಡೆಗೊರಗಿ ಸುಮ್ಮನೆ ಕೂತಿರುತ್ತಾಳೆ. ಇಷ್ಟೇ. ನಾನು ಓದಿ, ಎಂದಿನಂತೆ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಅರ್ಥ ಹೇಳಿದೆ, ಆದರೆ ಇಲ್ಲದ್ದನ್ನು ಸೇರಿಸಲಿಲ್ಲ. ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಭಾವನ ಮಗ್ಗ ನಿಂತಿತು, ಅದರ ಹಿಂದೆಯೇ ನಮ್ಮ ಯಜಮಾನರದೂ ನಿಂತಿತು. ಅತ್ತೆ ರಾಟೆ ಎತ್ತಿಕೊಂಡು ಹೊರಜಗಲಿಗೆ ಹೋಗಿ ಕೂತರು. ಬೇಸರವಾಗಿರಬೇಕು ಎಂದುಕೊಂಡು ಪುಸ್ತಕ ಮುಚ್ಚಿದೆ.

ಸಂಜೆ ಹಿತ್ತಲ ಬಾವಿಯ ಹತ್ತಿರ ಯಜಮಾನರು ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಯಾರು ಹೇಳಿದ್ರು ನಿಂಗೆ?"

"ಏನನ್ನ?"

"ಉಪ್ಪಿನ ವಿಷಯ."

ನನ್ನ ಮುಖ ನೋಡಿ, ನನಗೆ ಏನೂ ತಿಳಿಯದೆಂದು ಅವರಿಗೆ ಅರ್ಥವಾಗಿರಬೇಕು. ಆದರೆ ಆಡಿದ ಮಾತನ್ನು ನುಂಗುವ ಹಾಗಿರಲಿಲ್ಲ. ಓರಗಿತ್ತಿ ಮಾಡಿದ ಅಡುಗೆ ಪದೇ ಪದೇ ಉಪ್ಪಾಗುತ್ತಿತ್ತಂತೆ. ಭಾವ ಎಷ್ಟೋ ಸಲ ತಟ್ಟೆ ಎಸೆದರಂತೆ, ಒಂದೆರಡು ಸಲ ಕೈಯನ್ನೂ ಎತ್ತಿದರಂತೆ. ಕಡೆಗೆ ಒಂದು ದಿನ ಅವಳು ಯಾರಿಗೂ ಹೇಳದೆ ಎದ್ದು ರಾಂಪುರಕ್ಕೆ ನಡೆದುಬಿಟ್ಟಳು.

"ಉಪ್ಪು ಹಾಕ್ತಿದ್ದದ್ದು ಯಾರು?" ಎಂದೆ.

"ಅದನ್ನ ಈ ಮನೇಲಿ ಯಾರೂ ಬಾಯಿಬಿಟ್ಟು ಕೇಳಿಲ್ಲ" ಎಂದು ಕೊಡ ಎತ್ತಿಕೊಂಡು ಒಳಗೆ ಹೋದರು.

ಎಂಥ ಮನೆಗೆ ಬಿದ್ದೆ ಎಂದು ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಯಾವುದೋ ದೂರದ ಊರಿನ ಬರಹಗಾರ ನಮ್ಮ ಅಡುಗೆಮನೆಗೆ ಇಣುಕಿ ಬರೆದಿರಲಿಲ್ಲ. ಸಾರಿಗೆ ಉಪ್ಪು ಸುರಿಯುವ ಉಪಾಯ ಯಾವ ಊರಿನ ಅತ್ತೆಗಾದರೂ ಹೊಳೆಯುವಂಥದ್ದು. ನನಗೆ ಇದು ಸಲೀಸಾಗಿ ಅರ್ಥವಾಗುತ್ತಿತ್ತು. ಆದರೆ ಗುಡಿಯ ಪುರಾಣ ಕೇಳಿ ಕಿವಿ ಪಳಗಿದ ಅತ್ತೆಗೆ ಇದರಲ್ಲಿ ತಿಳಿಯದ್ದೇನೂ ಇರಲಿಲ್ಲ. ಅರ್ಥ ಹೇಳುವವಳು ಚುಚ್ಚಿದ್ದಾಳೆ, ಅದು ತಮಗೇ ಬಿದ್ದಿದೆ, ಅದೂ ಹಿರಿಯ ಮಗನ ಎದುರಿಗೆ.

ಮರುದಿನದಿಂದ ಅತ್ತೆ ಯಾರು ಹೇಳಿಕೊಟ್ಟಿದ್ದು ಎಂಬುದನ್ನು ಹುಡುಕತೊಡಗಿದರು. ಪಕ್ಕದ ಮನೆಯವಳೊಡನೆ ಮಾತು ಬಿಟ್ಟರು. ಕಡೆಗೆ ಅನುಮಾನವೆಲ್ಲ ಹೋಗಿ ನನ್ನ ಅಪ್ಪನ ಮೇಲೆ ಕೂತಿತು. ಅಂಗಡಿಯಲ್ಲಿ ಸೀರೆ ತರುವವರ ಬಾಯಿಂದ ಕೇಳಿ, ಮಗಳಿಗೆ ಹೇಳಿಕೊಟ್ಟು, ಪುಸ್ತಕದ ನೆಪ ಮಾಡಿ ಕಳಿಸಿದ್ದಾನೆ ಎಂದು. ಆ ಪುಟವನ್ನು ನನ್ನಿಂದಲೇ ತೋರಿಸಿಕೊಂಡು, ಕಾದಂಬರಿಯನ್ನು ಕಿತ್ತುಕೊಂಡು ಅಲ್ಲಿ ಒಂದು ರೇಷ್ಮೆ ಎಳೆ ಇಟ್ಟು ತಮ್ಮ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ನಾನು ರಾತ್ರೋರಾತ್ರಿ ಹೊಸ ಸಾಲು ಬರೆದು ಸೇರಿಸಬಹುದೆಂದು ಒಲೆಯ ಇದ್ದಿಲನ್ನೂ ಎಣಿಸಿ ಇಡುತ್ತಿದ್ದರು. ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಒಂದು ಬೆಳಗ್ಗೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟರು. "ಬೀಗರು ಬರ್ಲಿ. ನನ್ನ ಮುಂದೆ ಓದ್ಲಿ, ಊರೋರ ಕೈಲಿ ಓದಿಸಿದ್ರೆ ಮನೆ ಮಾನ ಹೋಗ್ತದೆ. ಪುಸ್ತಕದಾಗೆ ಹಂಗೇ ಐತೆ ಅಂದ್ರೆ ನನ್ನ ಅನುಮಾನ ತಪ್ಪು. ಇಲ್ಲ ಅಂದ್ರೆ ಬಂದ ಗಾಡೀಲೇ ಮಗಳನ್ನ ಹತ್ತಿಸ್ಕೊಂಡು ಹೋಗ್ಲಿ."

ನನ್ನ ಯಜಮಾನರು ಎದ್ದು ಹೋಗಿ ಮಗ್ಗದ ಕುಳಿಗೆ ಇಳಿದರು. ನನ್ನ ಪರ ಮಾತಾಡುವರೆಂದು ನಾನು ಎಣಿಸಿಯೂ ಇರಲಿಲ್ಲ.

ಅಪ್ಪ ಚಳ್ಳಕೆರೆಯಿಂದ ಬಾಡಿಗೆ ಗಾಡಿಯಲ್ಲಿ ಬಂದ. ಯಾಕೆ ಕರೆಸಿದ್ದಾರೆಂದು ಗಾಡಿಯಿಂದ ಇಳಿಯುವಾಗಲೇ ಅವನಿಗೆ ತಿಳಿದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನೊಡನೆ ಒಂದು ಮಾತಾಡಲೂ ಅತ್ತೆ ಬಿಡಲಿಲ್ಲ. ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಪೆಟ್ಟಿಗೆಯ ಬೀಗ ತೆಗೆದು, ರೇಷ್ಮೆ ಎಳೆ ಇಟ್ಟ ಪುಟವನ್ನು ತಾವೇ ಬಿಡಿಸಿ ಅವನ ಕೈಗೆ ಕೊಟ್ಟರು. ಅಪ್ಪ ಮೊದಲು ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ. ಒಂದು ಅಕ್ಷರವನ್ನೂ ಬಿಡಲಿಲ್ಲ, ಆ ಪುಟ ನನಗೆ ಬಾಯಿಪಾಠವಾಗಿತ್ತು. ನನ್ನ ಎದೆ ಹಗುರಾಯಿತು.

ಓದು ಮುಗಿಸಿ ಅರ್ಥ ಹೇಳಿದ. ಸಾರಿಗೆ ಉಪ್ಪು ಹಾಕುವಾಗ ಆ ಅತ್ತೆಯ ಕೈ ತಪ್ಪಿ ಹೆಚ್ಚು ಬಿತ್ತಂತೆ. ಪಾಪ, ಆಕೆ ಬಹಳ ನೊಂದುಕೊಂಡಳಂತೆ. ಸೊಸೆಯನ್ನು ಮಗಳಂತೆ ನೋಡಿಕೊಂಡ ಮಹಾತಾಯಿಯಂತೆ. "ನನ್ನ ಮಗಳು ಚಿಕ್ಕೋಳು, ಪುಸ್ತಕದ ಮಾತು ಸರಿಯಾಗಿ ತಿಳಿದಿಲ್ಲ. ತಪ್ಪು ಅರ್ಥ ಹೇಳಿದಾಳೆ. ನೀವು ದೊಡ್ಡೋರು, ಹೊಟ್ಟೆಗೆ ಹಾಕ್ಕೊಳ್ರಿ" ಎಂದು ಕೈ ಮುಗಿದ.

ಯಾವುದನ್ನು ಮಾಡಿದೆನೆಂದು ನನ್ನ ಮೇಲೆ ಹೊರಿಸಿದ್ದರೋ ಅದನ್ನೇ ಅಪ್ಪ ನನ್ನ ಕಣ್ಣೆದುರಿಗೆ ಮಾಡಿದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಕ್ಷರ ಕಲಿಸುವಾಗ ಒಂದು ಒತ್ತು ತಪ್ಪಿದರೆ ಕಿವಿ ಹಿಂಡುತ್ತಿದ್ದವನು ಇವನೇ. "ಅಪ್ಪಾ, ಪುಸ್ತಕದಲ್ಲಿ ಹಾಗಿಲ್ಲ" ಎಂದೆ. "ಸುಮ್ನಿರು" ಎಂದ, ನನ್ನ ಕಡೆ ನೋಡದೆ. ಈ ಮನೆಯಲ್ಲಿ ಸುಳ್ಳುಗಾರ್ತಿಯಾಗಿ ಇರಬೇಕು, ಇಲ್ಲವೇ ಈ ಮನುಷ್ಯನ ಜೊತೆ ಅದೇ ಗಾಡಿ ಹತ್ತಬೇಕು. ಎರಡೂ ನನಗೆ ಬೇಡವಾಗಿತ್ತು.

ಅತ್ತೆ ಅವನನ್ನು ನೋಡಿದರು, ನನ್ನನ್ನು ನೋಡಿದರು. ಅವರ ನೋಟದಿಂದ ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ.

"ಕೈ ತಪ್ಪಿ ಬಿತ್ತಾ ಬೀಗರೇ?"

"ಹೌದ್ರಿ."

"ಒಳ್ಳೇ ಹೆಂಗಸು ಅವಳು."

"ಬಹಳ ಒಳ್ಳೇರು."

"ಹಂಗಾದ್ರೆ ಮಗ ತಟ್ಟೆ ಒದ್ದು ಎದ್ದಾಗ, ನನ್ನ ಕೈ ತಪ್ಪಿ ಬಿತ್ತಪ್ಪಾ, ಅವಳದ್ದೇನಿಲ್ಲ ಅಂತ ಯಾಕೆ ಅನ್ನಲಿಲ್ಲ? ಗೋಡೆಗೆ ಒರಗಿ ಸುಮ್ನೆ ಯಾಕೆ ಕೂತಿದ್ಲು?"

ಅಪ್ಪ ಪುಟದ ಮೇಲೆ ಬೆರಳಾಡಿಸಿದ. ಅಲ್ಲಿ ಏನಾದರೂ ಸಿಗಬಹುದೆಂದು ಹುಡುಕುವವನ ಹಾಗಿತ್ತು. ಸಿಗಲಿಲ್ಲ.

"ನನಗೆ ಹೆದರಿ ಅರ್ಥ ತಿರುಗಿಸಿಬಿಟ್ಟಿದ್ದೀರಿ ನೀವು" ಎಂದು ಅತ್ತೆ ಪುಸ್ತಕ ಇಸಿದುಕೊಂಡರು. ಆಮೇಲೆ ಎಲೆ ಹಾಕಿಸಿ, ತುಪ್ಪ ಬಡಿಸಿ, ಬೀಗರಿಗೆ ಸಲ್ಲುವ ಮರ್ಯಾದೆಯಲ್ಲಿ ಒಂದನ್ನೂ ಬಿಡದೆ ಮಾಡಿ ಅಪ್ಪನನ್ನು ಒಬ್ಬನನ್ನೇ ಗಾಡಿ ಹತ್ತಿಸಿದರು. ಹೊರಡುವಾಗ ಅಪ್ಪ ನನ್ನ ಕಡೆ ತಿರುಗಿದ. ನಾನು ಬಾಗಿಲ ಹಿಂದೆ ಸರಿದೆ.

ಉಳಿದುಕೊಂಡೆ ಎಂದು ನನಗೇನೂ ಸಮಾಧಾನವಾಗಲಿಲ್ಲ. ಯಾಕೆ ಬಿಟ್ಟರು? ಇಬ್ಬರು ಸೊಸೆಯರೂ ಹೋದರೆ ಊರು ಏನನ್ನುತ್ತದೆ ಎಂದೇ, ಅಥವಾ ಬೇರೆ ಏನಾದರೂ ಹವಣಿಕೆ ಇದೆಯೇ? ನಾನು ಮಾಡಿದ ಸಾರನ್ನು ಬಡಿಸುವ ಮೊದಲು ಪ್ರತಿ ಸಲವೂ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡತೊಡಗಿದೆ. ಅತ್ತೆ ಅದನ್ನು ಕಂಡೂ ತಮ್ಮ ಪಾಡಿಗೆ ತಟ್ಟೆ ಇಡುತ್ತಿದ್ದರು. ಭಾವನ ಮೇಲೂ ನನಗೆ ಅನುಮಾನ ಹುಟ್ಟಿತು. ಕಾದಂಬರಿ ಬರೆದವನು ಆ ಮಗನನ್ನು ಮುಗ್ಧ, ಏನೂ ಅರಿಯದವನು ಎಂದು ಮತ್ತೆ ಮತ್ತೆ ಕರೆಯುತ್ತಾನೆ. ಒಮ್ಮೆ ಅಂದಿದ್ದರೆ ನಂಬುತ್ತಿದ್ದೆನೇನೋ. ದಿನಾ ಹೆಂಡತಿಯ ಕೈಯಡುಗೆ ಉಂಡವನಿಗೆ, ಇದು ಅವಳ ಕೈ ಅಲ್ಲ ಎಂದು ನಾಲಿಗೆ ಹೇಳುವುದಿಲ್ಲವೇ? ಕುಳಿಯಲ್ಲಿ ಬಾಗಿದ ಭಾವನ ಬೆನ್ನು ನೋಡುತ್ತ ಇದನ್ನೇ ಯೋಚಿಸುತ್ತಿದ್ದೆ. ಕಥೆಗಳಲ್ಲಿ ಬರುವ ಇಂಥ ಮುಗ್ಧ ಗಂಡಸರನ್ನು ಕಂಡರೆ ಇವತ್ತಿಗೂ ನನಗಾಗದು.

ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ, ಮಗ್ಗಗಳು ನಡೆಯುತ್ತಿರುವಾಗಲೇ, ಅತ್ತೆ ಕಾದಂಬರಿಯನ್ನು ತಂದು ನನ್ನ ಮಡಿಲಿಗೆ ಹಾಕಿದರು.

"ನಡುವಿಂದು ಬ್ಯಾಡ. ಕೊನೆಗೆ ಏನಾಗ್ತದೆ ಅದನ್ನ ಓದು."

ಕೊನೆಯ ಅಧ್ಯಾಯ ಬಿಡಿಸಿದೆ. ಅದನ್ನು ನಾನು ತವರಿನಲ್ಲೇ ಓದಿ ಗಳಗಳ ಅತ್ತಿದ್ದೆ. ಸೊಸೆ ತವರಿಗೆ ಹೋಗಿರುತ್ತಾಳೆ. ಅತ್ತೆಗೆ ತನ್ನ ತಪ್ಪು ತಿಳಿದು ಆಕೆಯೇ ಬೀಗರ ಊರಿಗೆ ಹೋಗುತ್ತಾಳೆ. ಸೊಸೆ ಓಡಿಬಂದು ಕಾಲಿಗೆ ಬೀಳುತ್ತಾಳೆ, ಇಬ್ಬರೂ ತಬ್ಬಿಕೊಂಡು ಅಳುತ್ತಾರೆ, ಗಾಡಿ ಮನೆಯ ಕಡೆ ತಿರುಗುತ್ತದೆ. ಈ ಸಲ ಉಪ್ಪುಖಾರ ಹಚ್ಚದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಡುವೆ ಎಲ್ಲೋ ಭಾವನ ಮಗ್ಗ ನಿಂತಿತ್ತು.

"ಇದು ನೀನು ಸೇರಿಸಿದ್ದು" ಎಂದರು ಅತ್ತೆ.

"ಇಲ್ಲ ಅತ್ತೆ. ಬೇಕಾದ್ರೆ ಯಾರನ್ನಾದ್ರೂ ಕರೆಸಿ ಓದಿಸಿ."

"ಬರೆದೈತಾ ಹಂಗೆ?"

"ಹಾಗೇ ಬರೆದಿದೆ."

"ಹಂಗಾದ್ರೆ ಬರೆದೋನಿಗೆ ಉಪ್ಪು ಹಾಕೋದು ಗೊತ್ತು, ಆಮೇಲಿಂದು ಗೊತ್ತಿಲ್ಲ" ಎಂದರು. ಕಂಡಿಕೆ ಕೈಯಲ್ಲೇ ಇತ್ತು. ಅವರು ಮಾತಾಡಿದ್ದು ನನ್ನೊಡನೆಯೋ ಮಗನೊಡನೆಯೋ ತಿಳಿಯಲಿಲ್ಲ. "ನಾನು ಹೋಗಿದ್ದೆ ರಾಂಪುರಕ್ಕೆ, ನೀನು ಈ ಮನೆಗೆ ಬರೋಕೆ ಮುಂಚೆ. ಸಂತೆಗೆ ಅಂತ ಹೇಳಿ ಹೋಗಿದ್ದೆ. ಬಾಗಿಲು ಹಾಕಿತ್ತು. ಕೂಗಿದೆ. ಒಳಗೆ ಅವಳು ರಾಗಿ ಬೀಸ್ತಿದ್ಲು, ಕಲ್ಲಿನ ಸದ್ದು ಕೇಳ್ತಿತ್ತು. ನಾನು ಅಂತ ಗೊತ್ತಾಯ್ತು ಅವಳಿಗೆ. ಬಿಸಿಲು ಇಳಿಯೋಗಂಟ ಜಗಲಿ ಮೇಲೆ ಕೂತಿದ್ದೆ. ಬೀಸೋದು ನಿಲ್ಲಿಸಲಿಲ್ಲ."

ಭಾವ ಕುಳಿಯಿಂದ ಮೇಲೆ ಬಂದು ಅಂಚಿನ ಮೇಲೆ ಕೂತರು.

"ಉಪ್ಪು ಹಾಕಿದ್ದು ನೀನು ಅಂತ ಅವಳಿಗೆ ಹೇಳೋಕೆ ಹೋಗಿದ್ಯಾ ಅವ್ವ?"

"ಅವಳಿಗೆ ಗೊತ್ತಿತ್ತು ಕಣೋ" ಎಂದರು ಅತ್ತೆ. "ನೀನು ಒಂದು ದಿನನೂ ಕೇಳಲಿಲ್ಲವಲ್ಲ, ಅದಕ್ಕೆ ಹೋದ್ಲು ಅವಳು."

ಮರುದಿನ ಭಾವ ರಾಂಪುರಕ್ಕೆ ಹೋದರು. ಹೊತ್ತು ಮುಳುಗುವಾಗ ಒಬ್ಬರೇ ಬಂದು, ಕಾಲು ತೊಳೆದುಕೊಂಡು, ಬಡಿಸಿದ್ದನ್ನು ಸುಮ್ಮನೆ ಉಂಡು ಎದ್ದರು.